ಇವತ್ತು ಏನು ಕಮ್ಮಿ ಆಯ್ತು?

ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಟ್ರಾಲಿಗಳೆಲ್ಲ ವಾರ್ಡುಗಳಿಂದ ವಾಪಸು ಬಂದು, ತಟ್ಟೆಗಳು ತೊಳೆಯುವವರ ಕೈಗೆ ಹೋದ ಮೇಲೆ, ಸಂಜೆಯ ಕಾಫಿಗೆ ಹಾಲು ಒಲೆಗೆ ಏರುವ ಮುಂಚೆ, ಸ್ವಲ್ಪ ಹೊತ್ತು ಸದ್ದು ಅಡಗುತ್ತದೆ. ಆ ಹೊತ್ತಿನಲ್ಲಿ ನಾವೆಲ್ಲ ಕೈ ತೊಳೆಯುವ ಸಿಂಕಿನ ಹತ್ತಿರ ಬಂದು ನಿಲ್ಲುತ್ತಿದ್ದೆವು. ಒಬ್ಬೊಬ್ಬರೂ ಅವತ್ತು ತಮ್ಮ ಕೈಯಿಂದ ಆದ ಒಂದು ಕೊರತೆಯನ್ನು ಹೇಳಬೇಕು. ಗಂಜಿಗೆ ಉಪ್ಪು ಬಿದ್ದದ್ದು, ಎರಡನೇ ಮಹಡಿಗೆ ಮಜ್ಜಿಗೆ ತಡವಾದದ್ದು, ಸಕ್ಕರೆ ಕಾಯಿಲೆಯವರ ತಟ್ಟೆಗೆ ಬಾಳೆಹಣ್ಣು ಹೋಗಿಬಿಟ್ಟದ್ದು. ಮೊದಲು ನಾನು ಹೇಳುತ್ತಿದ್ದೆ, ಆಮೇಲೆ ಉಳಿದವರು. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ, ಯಾರ ಹೆಸರೂ ಮೇಲಕ್ಕೆ ಹೋಗುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ.

ಈ ಅಭ್ಯಾಸ ನಾನು ಹುಟ್ಟುಹಾಕಿದ್ದಲ್ಲ, ನಮ್ಮ ತಂದೆಯಿಂದ ಬಂದದ್ದು. ಅವರಿಗೆ ಮಂಡಿಯಲ್ಲಿ ಕೆಲಸ. ಮಠದಲ್ಲಿ ದಾಸೋಹವಿದ್ದ ದಿನ ಮಾತ್ರ ಬಡಿಸುವವರ ಉಸ್ತುವಾರಿ ಅವರದು. ಕೊನೆಯ ಪಂಕ್ತಿ ಎದ್ದ ಮೇಲೆ ಬಡಿಸಿದವರನ್ನೆಲ್ಲ ಕೂರಿಸಿ, ಅವರ ಎಲೆಗೆ ತಾವೇ ಅನ್ನ ಹಾಕುತ್ತಾ, "ಇವತ್ತು ಏನು ಕಮ್ಮಿ ಆಯ್ತು?" ಎಂದು ಕೇಳುತ್ತಿದ್ದರು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಗ ಅವರೇ, "ಬಾಗಿಲ ಪಕ್ಕದ ಸಾಲಿಗೆ ಪಾಯಸ ಎರಡನೇ ಸಲ ಹೋಗಲಿಲ್ಲ. ನನ್ನಿಂದಲೇ. ನಾನು ಆ ಕಡೆ ತಿರುಗಿ ನೋಡಲಿಲ್ಲ" ಎನ್ನುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು. ಫ್ರಾಕು ತೊಟ್ಟುಕೊಂಡು ಕಂಬಕ್ಕೆ ಒರಗಿ ಕೂತು ಇದನ್ನು ನೋಡುತ್ತಿದ್ದ ನನಗೆ ಅದು ಕಲಿಕೆ ಎಂದು ಅನಿಸಿರಲೇ ಇಲ್ಲ.

ನಮ್ಮ ಹಳೆಯ ಮೇಲ್ವಿಚಾರಕರು ನಿವೃತ್ತರಾದಾಗ ಆಡಳಿತಾಧಿಕಾರಿಗಳು ನನ್ನನ್ನು ಕರೆದು, "ಸದ್ಯಕ್ಕೆ ನೀವೇ ಇನ್‌ಚಾರ್ಜ್ ನೋಡ್ಕೊಳ್ಳಿ ಮೇಡಂ. ಆರು ತಿಂಗಳು ನೋಡಿ ಖಾಯಂ ಮಾಡೋಣ" ಎಂದರು. ನಾನು ಅಡುಗೆಮನೆಗೆ ಸೇರಿದ್ದು ತರಕಾರಿ ಹೆಚ್ಚುವವಳಾಗಿ. ಹೆಚ್ಚುವ ಮಣೆಯಿಂದ ಆ ಗಾಜಿನ ಬಾಗಿಲಿನ ಪುಟ್ಟ ಕೋಣೆಯವರೆಗೆ ಬರಲು ಅರ್ಧ ಆಯಸ್ಸು ಹಿಡಿಯಿತು. ಆ ಕೋಣೆ ನನಗೆ ಬೇಕಾಗಿತ್ತು. ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ.

ಅದೇ ಸುಮಾರಿಗೆ ನಮ್ಮಂಥವರಿಗೆಲ್ಲ ಒಂದು ತರಬೇತಿ ನಡೆಯಿತು. ಹೊರಗಿನಿಂದ ಬಂದಿದ್ದವರು ನೀಟಾಗಿ ಕೋಟು ಹಾಕಿಕೊಂಡು, ಗೋಡೆಯ ಮೇಲೆ ಚಿತ್ರ ಬಿಡುತ್ತಾ ಯಶಸ್ವಿ ನಾಯಕರ ದಿನಚರಿ ಹೇಳಿಕೊಟ್ಟರು. ಬೆಳಗಿನ ಜಾವ ಐದಕ್ಕೆ ಏಳಬೇಕು, ಕನ್ನಡಿಯ ಮುಂದೆ ನಿಂತು ನಗಬೇಕು, ಮಲಗುವ ಮುಂಚೆ ನಾಳೆಯ ಗುರಿ ನೆನೆಯಬೇಕು.

"ಸಾರ್, ಐದರ ತನಕ ಮಲಗಿದ್ರೆ ನಮ್ ವಾರ್ಡಿಗೆ ಇಡ್ಲಿ ಯಾರು ಬೇಯಿಸ್ತಾರೆ?" ಎಂದು ನಮ್ಮ ಅಡುಗೆಮನೆಯ ಚಿಕ್ಕ ವಯಸ್ಸಿನ ಹುಡುಗಿ ಕೇಳಿದಳು. ಅವಳ ಬಾಯಿಗೆ ಬೀಗವಿಲ್ಲ. ಇಡೀ ಸಭೆ ನಕ್ಕಿತು. ಪಾಪ, ಅವರೂ ನಕ್ಕರು.

ಆದರೆ ಆ ಕೋಟಿನವರನ್ನು ನಾನು ತಳ್ಳಿಹಾಕಲಾರೆ. ದಿನಾ ಮಾಡುವ ಸಣ್ಣ ಕೆಲಸವೇ ಮನುಷ್ಯನನ್ನು ಮುಂದಕ್ಕೆ ತರುತ್ತದೆ ಎಂದು ಅವರು ಹೇಳಿದ್ದು ನಿಜ. ನನ್ನ ಅಭ್ಯಾಸಗಳು ಬೇರೆ ಥರದವು, ಅಷ್ಟೇ. ಯಾರು ಯಾವ ಬಸ್ಸಿಗೆ ಬರುತ್ತಾರೆ ಎಂದು ತಿಳಿದುಕೊಂಡಿದ್ದರಿಂದ, ತಡವಾದವರನ್ನು ಬೈಯುವ ಮುಂಚೆ ಬಸ್ಸು ಬಂತೋ ಇಲ್ಲವೋ ನನಗೆ ಗೊತ್ತಿರುತ್ತಿತ್ತು. ದಿನಕ್ಕೆ ಒಂದು ಸಲವಾದರೂ ಟ್ರಾಲಿಯನ್ನು ನಾನೇ ತಳ್ಳಿಕೊಂಡು ವಾರ್ಡಿಗೆ ಹೋಗುತ್ತಿದ್ದೆ. ಅದರ ಚಕ್ರ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ತಳ್ಳಿದವರಿಗೆ ತಾನೆ ಗೊತ್ತಾಗುವುದು. ಬೈಯುವುದಿದ್ದರೆ ಉಗ್ರಾಣದೊಳಗೆ ಕರೆದು ಬೈಯುವುದು. ಹೊಗಳುವುದಿದ್ದರೆ ಒಲೆಯ ಮುಂದೆ, ಎಲ್ಲರಿಗೂ ಕೇಳುವ ಹಾಗೆ. ಮಿಕ್ಕಿದ್ದು ಆ ಸಿಂಕು.

ಸಿಂಕಿನ ಮುಂದೆ ನನಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವರು ನಮ್ಮ ಅಕ್ಕ. ಅಡುಗೆಮನೆಯಲ್ಲಿ ಎಲ್ಲರಿಗಿಂತ ಹಿರಿಯರು, ಅದಕ್ಕೇ ಎಲ್ಲರಿಗೂ ಅಕ್ಕ, ಲಷ್ಕರ್ ಮೊಹಲ್ಲಾದವರು. ನಾನು ಸೇರಿದ ಹೊಸತರಲ್ಲಿ ಚಾಕು ಹಿಡಿಯುವುದರಿಂದ ಹಿಡಿದು, ರೋಗಿಯ ಮುಖ ನೋಡಿ ಅನ್ನ ಎಷ್ಟು ಹಾಕಬೇಕು ಎನ್ನುವವರೆಗೆ ಕಲಿಸಿದವರು ಅವರೇ. ಆಗಿನಿಂದ ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ನಾನು ಇನ್‌ಚಾರ್ಜ್ ಆದ ಮೇಲೆ ಹೊರಗಿನವರ ಮುಂದೆ "ಮೇಡಂ ಹೇಳಿದಾರೆ" ಎನ್ನುವುದು, ಅವರು ಆ ಕಡೆ ತಿರುಗಿದ ತಕ್ಷಣ "ಏನೇ, ಮೇಡಂ, ಕಾಫಿ ಕುಡಿದ್ಯಾ?" ಎನ್ನುವುದು. ಅವರ ನಿವೃತ್ತಿಯೂ ಹತ್ತಿರ ಬಂದಿತ್ತು. ಕೆಲಸದ ಕೊನೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲದೆ ಹೋಗಬೇಕು ಎನ್ನುವುದು ಅವರ ದೊಡ್ಡ ಆಸೆ.

ಆಷಾಢದ ಒಂದು ಶುಕ್ರವಾರ. ಆಷಾಢ ಶುಕ್ರವಾರ ಎಂದರೆ ನಮ್ಮೂರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮ ಸಿದ್ಧಾರ್ಥನಗರದ ರಸ್ತೆಯಲ್ಲಿ ಮುಂಜಾನೆಯಿಂದಲೇ ಬೆಟ್ಟಕ್ಕೆ ಹೋಗುವವರ ಗುಂಪು. ಅಕ್ಕ ಇನ್ನೂ ಬೆಳಕು ಹರಿಯುವ ಮುಂಚೆ ಬೆಟ್ಟಕ್ಕೆ ಹೋಗಿ, ಸಾಲಿನಲ್ಲಿ ನಿಂತು, ತಾಯಿಯ ದರ್ಶನ ಮಾಡಿ, ಅಲ್ಲಿಂದ ನೇರವಾಗಿ ಡ್ಯೂಟಿಗೆ ಬಂದಿದ್ದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಸಿಹಿ ಪೊಂಗಲು.

"ನಿಲ್ಲೋಕೆ ಜಾಗ ಇಲ್ಲ ಕಣಮ್ಮ, ಅಷ್ಟು ಜನ! ಆದ್ರೂ ಒಂದ್ ಗಳಿಗೆ ಮುಖ ನೋಡ್ಬುಟ್ಟೆ. ಹಿಡಿ ಕೈ."

ನಾನು ಕೈ ಒಡ್ಡಿದೆ. ಕಣ್ಣಿಗೊತ್ತಿಕೊಂಡು ತಿಂದೆ. ಒಲೆಯವರು, ಪಾತ್ರೆಯವರು, ಬಾಗಿಲ ಕಾವಲಿನವರು, ಎಲ್ಲರಿಗೂ ಆಯಿತು. ಆಮೇಲೆ ಅಕ್ಕ ತಿಂಡಿಯ ಟ್ರಾಲಿ ತಳ್ಳಿಕೊಂಡು ಮೇಲಿನ ವಾರ್ಡಿಗೆ ಹೋದರು. ಡಬ್ಬಿ ಟ್ರಾಲಿಯ ಕೆಳಗಿನ ಹಲಗೆಯ ಮೇಲಿತ್ತು. ಅವತ್ತು ನಮ್ಮಲ್ಲಿ ಪ್ರಸಾದ ತಂದವರೂ ಆ ವಾರ್ಡಿಗೆ ಹೋದವರೂ ಅವರೊಬ್ಬರೇ ಅಲ್ಲ.

ಆಪರೇಷನ್ ಇರುವವರ ಮಂಚಕ್ಕೆ ನಮ್ಮಲ್ಲಿ ಕೆಂಪು ಚೀಟಿ ನೇತುಹಾಕಿರುತ್ತಾರೆ. ಅವರಿಗೆ ಹೊಟ್ಟೆ ಖಾಲಿ ಇರಬೇಕು, ಹನಿ ನೀರೂ ಕೊಡುವ ಹಾಗಿಲ್ಲ. ಅಕ್ಕನ ಇಷ್ಟು ವರ್ಷದ ಸರ್ವೀಸಿನಲ್ಲಿ ಕೆಂಪು ಚೀಟಿಯ ಮಂಚದ ಮುಂದೆ ತಿಂಡಿಯ ತಟ್ಟೆ ಇಟ್ಟದ್ದು ಒಂದೇ ಒಂದು ಸಲವೂ ಇಲ್ಲ. ಅವತ್ತೂ ಇಡಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ವಾರ್ಡಿನ ಸಿಸ್ಟರ್ ಓಡಿ ಬಂದರು. ಪಿತ್ತಕೋಶದ ಆಪರೇಷನ್ನಿಗೆ ಒಬ್ಬರು ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋಗಿದ್ದರಂತೆ. ಅರಿವಳಿಕೆಯ ಡಾಕ್ಟರು ಕೊನೆಯದಾಗಿ ಒಂದು ಸಲ, "ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ ಅಮ್ಮ?" ಎಂದು ಕೇಳಿದ್ದಾರೆ.

"ಇಲ್ಲಪ್ಪ. ನೀರು ಕೂಡ ಮುಟ್ಟಿಲ್ಲ. ತಾಯಿ ಪ್ರಸಾದ ಒಂದಿಷ್ಟು, ಅಷ್ಟೇ."

ಡಾಕ್ಟರು ಕೈಗವಸು ಬಿಚ್ಚಿ ಹೊರಗೆ ಬಂದರಂತೆ. ಆಪರೇಷನ್ ಮರುದಿನಕ್ಕೆ ಹೋಯಿತು. ಯಾರು ಕೊಟ್ಟರು ಎಂದು ಆ ಅಜ್ಜಿಯನ್ನು ಎಷ್ಟು ಕೇಳಿದರೂ, "ಅಮ್ಮನ ಪ್ರಸಾದ ತಂದುಕೊಟ್ಟೋರನ್ನ ಹಿಡಿದುಕೊಡೋದಾ? ನನ್ ಕೈಲಾಗಲ್ಲಪ್ಪ" ಎಂದು ಗೋಡೆಯ ಕಡೆ ತಿರುಗಿ ಮಲಗಿದರಂತೆ.

ಅವತ್ತು ಮಧ್ಯಾಹ್ನ ಸಿಂಕಿನ ಮುಂದೆ ಎಲ್ಲರೂ ನಿಂತೆವು. ನಾನು ಏನೋ ಹೇಳಿದೆ, ಹುಳಿ ತೆಳ್ಳಗಾಯಿತೆಂದೋ ಏನೋ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು.

"ಕೊಟ್ಟಿದ್ದು ನಾನೇ ಕಣಮ್ಮ. ಅದನ್ನ ಊಟ ಅಂತ ನಂಗೆ ಹೊಳೀಲೇ ಇಲ್ಲ. ಕೈ ಮುಗ್ದು ಕೇಳಿದ್ರು, 'ಬೆಟ್ಟಕ್ಕೆ ಹೋಗಿದ್ರಾ' ಅಂತ. ಎಂಗೆ ಇಲ್ಲ ಅನ್ನೋದು?"

ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆನೇನೋ. ಪ್ರಸಾದವನ್ನು ಬೇಡ ಎಂದವರನ್ನು ನಾನು ಕಂಡಿಲ್ಲ, ಕೊಡುವುದಿಲ್ಲ ಎಂದವರನ್ನೂ ಕಂಡಿಲ್ಲ.

ಸಂಜೆ ಆಡಳಿತಾಧಿಕಾರಿಗಳು ಕರೆಸಿದರು. ನನಗಿಂತ ಚಿಕ್ಕವರು, ಒರಟಾಗಿ ಮಾತಾಡುವವರಲ್ಲ. ಕೂರಲು ಹೇಳಿ, ನೀರು ಕೊಟ್ಟು, ಆಮೇಲೆ ಕೇಳಿದರು.

"ಯಾರು ಮೇಡಂ?"

"ನಮ್ಮ ವಿಭಾಗದಿಂದ ಆಗಿದೆ ಸಾರ್. ಜವಾಬ್ದಾರಿ ನಂದು."

"ಅದು ನನಗೂ ಗೊತ್ತು. ಹೆಸರು ಕೇಳ್ತಿದೀನಿ."

"ಅದನ್ನ ಹೇಳೋಕಾಗಲ್ಲ ಸಾರ್." ಸಿಂಕಿನ ವಿಷಯ ಹೇಳಿದೆ. ಕೊಟ್ಟ ಮಾತಿನ ವಿಷಯವನ್ನೂ ಹೇಳಿದೆ.

ಅವರು ಹಣೆ ಉಜ್ಜಿಕೊಂಡರು. "ಮೇಡಂ, ಆ ಅಜ್ಜಿ ಹೇಳದೇ ಇದ್ದಿದ್ರೆ? ಅರಿವಳಿಕೆ ಕೊಟ್ಟ ಮೇಲೆ ವಾಂತಿ ಆಗಿ, ಅದು ಶ್ವಾಸಕೋಶಕ್ಕೆ ಇಳಿದಿದ್ರೆ? ಅವರ ಮನೆಯವರ ಮುಂದೆ ಹೋಗಿ 'ಸಿಂಕಿನ ಹತ್ರ ಮಾತು ಕೊಟ್ಟಿದೀವಿ' ಅಂತ ಹೇಳ್ತಿದ್ರಾ?"

ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡುವುದು. ಕೆಟ್ಟ ಮನುಷ್ಯನ ಮುಂದೆ ಹಟ ಹಿಡಿದು ಕೂರುವುದು ಸುಲಭ.

"ಸೋಮವಾರದವರೆಗೆ ಯೋಚನೆ ಮಾಡಿ. ನಿಮ್ಮ ಖಾಯಂ ಪತ್ರ ನನ್ನ ಮೇಜಿನ ಮೇಲೇ ಇದೆ. ಹೆಸರು ಹೇಳೋಕೆ ಆಗಲ್ಲ ಅನ್ನೋರನ್ನ ನಾನು ಆ ಜಾಗದಲ್ಲಿ ಕೂರಿಸೋದು ಹೇಗೆ, ನೀವೇ ಹೇಳಿ" ಎಂದರು.

ಮನೆಗೆ ಬಂದು ನಮ್ಮ ಯಜಮಾನರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಅವರೆಕಾಯಿ ಸುಲಿಯುವವರ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ನೋಡುವವರು.

"ಅಕ್ಕನಿಗೆ ಏನು ಮಾಡ್ತಾರಂತೆ? ಕೆಲಸದಿಂದ ತೆಗೀತಾರಾ?"

"ಗೊತ್ತಿಲ್ಲ. ಮೆಮೊ ಕೊಡಬಹುದು. ತೆಗೆದ್ರೂ ತೆಗೀಬಹುದು."

"ಗೊತ್ತಿಲ್ದೇ ಇರೋದಕ್ಕೆ ನಿನ್ ಜೀವಮಾನದ ಕೆಲಸ ಬಿಟ್ಟುಕೊಡ್ತೀಯಾ? ಹೇಳ್ಬುಟ್ಟು ಬಾರೇ. ಅಕ್ಕನೇ ಹೋಗಿ ಹೇಳಬೇಕಿತ್ತಪ್ಪ, ನಿಜ ಹೇಳಬೇಕೂಂದ್ರೆ."

ಆ ಕೊನೆಯ ಮಾತು ನನ್ನೊಳಗೂ ಇತ್ತು. ಶನಿವಾರವೂ ಭಾನುವಾರವೂ ನಾನು ಅದನ್ನೇ ಕಾದೆ. ಅಕ್ಕ ಬಂದು, "ನಾನೇ ಹೋಗಿ ಹೇಳ್ತೀನಿ ಬಿಡು" ಎನ್ನುತ್ತಾರೆ ಎಂದು. ಅವರು ಬೀನ್ಸಿನ ನಾರು ಬಿಡಿಸಿದರು, ಗಂಜಿ ತಿರುವಿದರು, ನನ್ನ ಕಣ್ಣು ತಪ್ಪಿಸಿದರು. ಮೂಲೆಯಲ್ಲಿ ಯಾರೂ ಇಲ್ಲದಾಗಲೂ, "ನೀವು ಕಾಫಿ ಕುಡಿದ್ರಾ ಮೇಡಂ?" ಎಂದರು. ಆ ಬಹುವಚನ ಕೇಳಿ ನನಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ನೋವಾಯಿತು. ಅವರ ಮೇಲೆ ಸಿಟ್ಟೂ ಬಂತು.

ಸಿಂಕಿನ ಮುಂದೆಯೂ ಎಲ್ಲ ಬದಲಾಗಿತ್ತು. ನಾನು ನನ್ನದು ಹೇಳಿ ಮುಗಿಸಿದ ಮೇಲೆ ಉಳಿದವರು ಒಬ್ಬರ ಹಿಂದೆ ಒಬ್ಬರು "ಏನಿಲ್ಲ", "ನಂದೂ ಏನಿಲ್ಲ" ಎಂದು ಕೈ ಒರೆಸಿಕೊಂಡು ಹೋದರು. ಅಷ್ಟು ದೊಡ್ಡ ಅಡುಗೆಮನೆಯಲ್ಲಿ ಅಷ್ಟು ಜನರಿಗೆ ಬೇಯಿಸಿ, ಯಾರಿಂದಲೂ ಏನೂ ಕಮ್ಮಿಯಾಗದ ದಿನ ಎಂದಾದರೂ ಇರುತ್ತದೆಯೇ? ನಾನು ಹೆಸರು ಹೇಳುತ್ತೇನೋ ಇಲ್ಲವೋ ಎಂದು ಅವರೆಲ್ಲ ನೋಡುತ್ತಿದ್ದಾರೆ ಎನ್ನುವುದು ಆಗ ತಿಳಿಯಿತು.

ಸೋಮವಾರ ಹೋಗಿ, ಹೇಳುವುದಿಲ್ಲ ಎಂದೆ. ಅದರ ಜೊತೆಗೆ ಒಂದು ದಾರಿಯನ್ನೂ ಹೇಳಿದೆ. ಇನ್ನು ಮುಂದೆ ಪ್ರಸಾದ ಯಾರೇ ತರಲಿ, ಮೊದಲು ವಾರ್ಡಿನ ಸಿಸ್ಟರ್ ಕೌಂಟರಿನಲ್ಲಿ ಕೊಡಬೇಕು. ಕೆಂಪು ಚೀಟಿಯವರ ಪಾಲನ್ನು ಸಿಸ್ಟರೇ ಕಟ್ಟಿ ಎತ್ತಿಟ್ಟು, ಅವರು ಊಟ ಮಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಕೊಡಬೇಕು. ಕೊಡಬೇಡಿ ಎಂದರೆ ಕದ್ದು ಕೊಡುತ್ತಾರೆ. ಆಮೇಲೆ ಕೊಡಿ ಎಂದರೆ ಕಾಯುತ್ತಾರೆ.

"ಇದು ಚೆನ್ನಾಗಿದೆ. ಇವತ್ತಿನಿಂದಲೇ ಮಾಡಿಸ್ತೀನಿ" ಎಂದರು ಆಡಳಿತಾಧಿಕಾರಿಗಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಪತ್ರವನ್ನು ಡ್ರಾಯರಿಗೆ ಹಾಕಿ, "ಖಾಯಂ ವಿಷಯ ಮಾತ್ರ ಇನ್ನು ನನ್ನ ಕೈಲಿಲ್ಲ ಮೇಡಂ" ಎಂದರು.

ತಿಂಗಳು ತುಂಬುವ ಮುಂಚೆ ಹೊಸ ಇನ್‌ಚಾರ್ಜ್ ಬಂದರು. ಪಥ್ಯದ ವಿಷಯವನ್ನೇ ಓದಿಕೊಂಡಿದ್ದ ಹುಡುಗಿ, ಯಾದವಗಿರಿಯಲ್ಲಿ ಮನೆ. ನನ್ನನ್ನು "ಅಕ್ಕ" ಎಂದು ಕರೆದು, ಗಾಜಿನ ಕೋಣೆಯಲ್ಲಿದ್ದ ನನ್ನ ಛತ್ರಿಯನ್ನೂ ಊಟದ ಡಬ್ಬಿಯನ್ನೂ ತಾನೇ ತಂದುಕೊಟ್ಟಳು. ನಾನು ಮತ್ತೆ ಒಲೆಯ ಮುಂದಿನ ಕೆಲಸಕ್ಕೆ ಬಂದೆ. ಅವಳ ಮೇಲೆ ನನಗೆ ದೂರಿಲ್ಲ. ಕೆಲಸ ಗೊತ್ತಿದ್ದವಳು, ದನಿ ಏರಿಸದವಳು. ಬಂದ ಮೊದಲ ವಾರ ಒಂದು ದಿನ ನಾವು ಸಿಂಕಿನ ಹತ್ತಿರ ನಿಂತದ್ದನ್ನು ನೋಡಿ, ಏನೆಂದು ಕೇಳಿ, ತಾನೂ ಬಂದು ನಿಂತಳು.

ನಾನು ಹೇಳಿದೆ. ಉಳಿದವರು "ಏನಿಲ್ಲ" ಎಂದರು.

ಹೊಸಬಳಿಗೆ ಆ ಮೌನ ಕಷ್ಟವಾಗಿರಬೇಕು. ನನ್ನ ಭುಜದ ಮೇಲೆ ಕೈಯಿಟ್ಟು, "ಆ ಪ್ರಸಾದದ ವಿಷಯ ನನಗೆ ಗೊತ್ತಕ್ಕ. ಅವತ್ತು ನೀವು ಭಕ್ತಿಯಿಂದ ಕೊಟ್ಟಿದ್ದೀರಿ. ತಪ್ಪು ಯಾರಿಂದ ಆಗಲ್ಲ? ಬೇಜಾರು ಮಾಡ್ಕೋಬೇಡಿ" ಎಂದಳು.

ಕೊಟ್ಟವಳು ನಾನೇ ಎಂದು ಮೇಲಿನ ಮಹಡಿಯಲ್ಲೆಲ್ಲ ಸುದ್ದಿಯಾಗಿತ್ತಂತೆ. ಹೆಸರು ಹೇಳದವಳೇ ಮಾಡಿರಬೇಕು ಎಂದು ಜನ ತಿಳಿದಿದ್ದರು. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಗೊತ್ತಿಲ್ಲ. ಅಷ್ಟರಲ್ಲಿ ಅಕ್ಕ ಮುಂದೆ ಬಂದರು.

"ಅವಳಲ್ಲ ಕಣಮ್ಮ. ನಾನು. ಅವಳು ನನ್ನ ಹೆಸರು ಹೇಳಲಿಲ್ಲ, ಅದಕ್ಕೇ ಕುರ್ಚಿ ಓಯ್ತು. ನಾನು ಬಾಯಿ ಮುಚ್ಕೊಂಡು ನಿಂತ್ಬುಟ್ಟೆ, ಎದ್ರಿಕೊಂಡು." ಆಮೇಲೆ ನನ್ನ ಕಡೆ ತಿರುಗಿದರು. "ಇವತ್ತು ನಂದು ಕಮ್ಮಿ ಆಗಿದ್ದು ಅದು."

ಹೊಸ ಇನ್‌ಚಾರ್ಜ್ ತಲೆಯಾಡಿಸಿ ತನ್ನ ಕೋಣೆಗೆ ಹೋದಳು. ನಾನು ಅವಳ ಹಿಂದೆಯೇ ಹೋಗಿ, "ಅಲ್ಲಿ ಹೇಳಿದ್ದು ಅಲ್ಲೇ ಇರಬೇಕಮ್ಮ, ನಮ್ಮಲ್ಲಿ ಹಾಗೆ ನಡೆದುಕೊಂಡು ಬಂದಿದೆ" ಎಂದೆ.

"ನಾನು ಹಾಗಂತ ಮಾತು ಕೊಟ್ಟಿಲ್ವಲ್ಲ ಅಕ್ಕ" ಎಂದಳು. ಅವಳ ದನಿಯಲ್ಲಿ ಗಟ್ಟಿತನವಿರಲಿಲ್ಲ, ಭಯವಿತ್ತು. "ನಾಳೆ ಮೇಲಿನವರು ಕೇಳಿದ್ರೆ, ಗೊತ್ತಿದ್ದೂ ಮುಚ್ಚಿಟ್ಟೆ ಅಂತ ಆಗುತ್ತೆ. ನಾನು ಬಂದು ಇನ್ನೂ ವಾರ ಆಗಿಲ್ಲ."

ಅವಳು ಮೇಲಿನವರಿಗೆ ಹೇಳಿದಳು. ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯದಾಯಿತು. ಅಕ್ಕನಿಗೆ ಮೆಮೊ ಬಂತು, ಅವರು ಬೇಡವೆಂದಿದ್ದ ಕಪ್ಪು ಚುಕ್ಕೆ. ಇನ್ನು ಮೇಲೆ ವಾರ್ಡಿಗೆ ಹೋಗುವ ಹಾಗಿಲ್ಲ, ನಿವೃತ್ತಿಯವರೆಗೆ ಹಿಂದಿನ ಕೋಣೆಯಲ್ಲಿ ತರಕಾರಿ ಹೆಚ್ಚಬೇಕು. ರೋಗಿಗಳ ಮುಖ ನೋಡಿ ಅನ್ನ ಹಾಕುತ್ತಿದ್ದವರಿಗೆ ಇನ್ನು ಕುಂಬಳಕಾಯಿಯ ಮುಖ.

ಆ ಗಾಜಿನ ಕೋಣೆ ಬಿಟ್ಟುಕೊಟ್ಟು ನಾನು ಯಾವುದನ್ನು ತಪ್ಪಿಸಿದ್ದೆನೋ ಅದು ಕೊನೆಗೂ ಆಗಿಯೇ ಹೋಯಿತು. ಅವತ್ತೇ ಹೇಳಿಬಿಟ್ಟಿದ್ದರೆ ಅಕ್ಕನಿಗೆ ಸಿಗುತ್ತಿದ್ದುದೂ ಇಷ್ಟೇ ಇರಬಹುದು, ನನಗೆ ಆ ಕೋಣೆ ಸಿಗುತ್ತಿತ್ತು. ನಮ್ಮ ಯಜಮಾನರು ಈ ಮಾತನ್ನು ಆಡಲಿಲ್ಲ. ಆಡದೆ ಅವರು ಟೀವಿ ಸದ್ದು ಕಮ್ಮಿ ಮಾಡಿದ ರೀತಿಯಲ್ಲೇ ನನಗೆ ಕೇಳಿಸಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಕುಕ್ಕರಿನ ಮುಂದೆ ನಿಂತಾಗ, ಅದೇ ಯೋಚನೆ. ದಿನಚರಿ ಮನುಷ್ಯನನ್ನು ಮೇಲಕ್ಕೆ ಒಯ್ಯುತ್ತದೆ ಎಂದಿದ್ದ ಆ ಕೋಟಿನವರು ಎಲ್ಲಾದರೂ ಸಿಕ್ಕಿದ್ದರೆ, ಒಯ್ದು ಎಲ್ಲಿಗೆ ಬಿಡುತ್ತದೆ ಸಾರ್ ಎಂದು ಕೇಳುತ್ತಿದ್ದೆ.

ಮೆಮೊ ಬಂದ ಮರುದಿನ ಟ್ರಾಲಿಗಳು ವಾಪಸಾದವು. ಸಿಂಕಿನ ಹತ್ತಿರ ಯಾರೂ ಬರಲಿಲ್ಲ. ಪಾತ್ರೆ ತೊಳೆಯುವ ಕೊಳಾಯಿಯಲ್ಲೇ ಕೈ ತೊಳೆದುಕೊಂಡು ಒಬ್ಬೊಬ್ಬರೂ ಅತ್ತ ಸರಿದರು. ಅಲ್ಲಿ ಮಾತಾಡಿದವರಿಗೆ ಏನಾಗುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಯಾರು ಬಂದಾರು? ಯಾವ ಅಧಿಕಾರವೂ ಇಲ್ಲದ ನನಗೆ ಅವರನ್ನು ಕರೆಯಲು ಬಾಯಿ ಬರಲಿಲ್ಲ. ಆದರೂ ಕಾಲು ಅಲ್ಲಿಗೇ ಹೋಗಿ ನಿಂತಿತು. ಅಭ್ಯಾಸ.

ಹಿಂದಿನ ಕೋಣೆಯ ಬಾಗಿಲು ಸರಿಯಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಬೆರಳ ತುಂಬಾ ಬಾಳೆಕಾಯಿಯ ಕರೆ. ನನ್ನ ಪಕ್ಕದಲ್ಲಿ ನಿಂತು ನಲ್ಲಿ ತಿರುಗಿಸಿದರು.

"ನಿಂತು ನಿಂತು ಕಾಲು ಬಿದ್ದೋಗಿತ್ತು ಕಣೇ. ಕೂತ್ಕೊಂಡು ಮಾಡೋ ಕೆಲಸ ಕೊಟ್ಟವ್ರೆ, ಒಳ್ಳೇದೇ ಆಯ್ತು" ಎಂದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಬಾಳೆಕಾಯಿಯ ಕರೆ ನೀರಿಗೆ ಹೋಗುವುದಿಲ್ಲ. ಪಕ್ಕದ ಬಟ್ಟಲಿನಿಂದ ಒಂದಿಷ್ಟು ಎಣ್ಣೆ ತೆಗೆದು ಅವರ ಅಂಗೈಗೆ ಹಾಕಿದೆ. ಅವರು ಬೆರಳು ಬೆರಳನ್ನೂ ಉಜ್ಜಿಕೊಂಡರು. ಒಲೆಯ ಹತ್ತಿರ ನಿಂತಿದ್ದ, ಬಾಯಿಗೆ ಬೀಗವಿಲ್ಲದ ನಮ್ಮ ಹುಡುಗಿ ಹಾಲಿನ ಪಾತ್ರೆ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದಳು. ಒಲೆಗಿಡಲು ಮರೆತಿದ್ದಳು.

"ಹೂಂ, ಬೇಗ ಹೇಳು" ಎಂದರು ಅಕ್ಕ, ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿ. "ಇವತ್ತು ನಿಂದು ಏನು ಕಮ್ಮಿ ಆಯ್ತು?"